ಬೆಲೆ ಹೇಳುವ ಬಾಯಿ

ನಮ್ಮೂರು ದಬ್ಬೇಘಟ್ಟ, ತುರುವೇಕೆರೆ ತಾಲ್ಲೂಕಿನದು. ಮನೆ ಕಟ್ಟುವವರು ಮೊದಲು ಅಟ್ಟದ ಯೋಚನೆ ಮಾಡಿ, ಮನುಷ್ಯರು ಮಲಗುವ ಜಾಗವನ್ನು ಆಮೇಲೆ ಯೋಚಿಸುವ ಸೀಮೆ ಇದು. ಅಟ್ಟ ಸೇರಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿಯೇ ತಪಸ್ಸು ಮಾಡಬೇಕು. ನೀರೆಲ್ಲ ಇಂಗಿ, ಅಲ್ಲಾಡಿಸಿದಾಗ ಒಳಗಿನಿಂದ ಲೊಟಲೊಟ ಸದ್ದು ಬಂದರೆ ಉಂಡೆ ಕೊಬ್ಬರಿ ಆಯಿತೆಂದು ಅರ್ಥ.

ಇಷ್ಟು ಕಾದ ಪದಾರ್ಥಕ್ಕೆ ಬೆಲೆ ಹೇಳುವವರು ಯಾರು? ಇದು ನಮ್ಮ ದೊಡ್ಡಪ್ಪನವರ ಜೀವಮಾನದ ಪ್ರಶ್ನೆ. ಅವರ ಕಾಲಕ್ಕೆ ದನದ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ನಡೆಯುತ್ತಿತ್ತು. ಈಗ ತಿಪಟೂರಿನ ಮಾರುಕಟ್ಟೆಯಲ್ಲಿ ವರ್ತಕರು ಕಂಪ್ಯೂಟರಿನಲ್ಲಿ ಟೆಂಡರು ಬರೆಯುತ್ತಾರೆ. ಆದರೂ ಅಲ್ಲಿ ರೈತನಿಗೆ ಒಂದು ಮರ್ಯಾದೆ ಉಳಿದಿದೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಆತ “ಕೊಡುವುದಿಲ್ಲ” ಎನ್ನಬಹುದು.

2023ರಲ್ಲಿ ದೊಡ್ಡಪ್ಪನವರು ಹಾಗೆಯೇ ಅಂದರು. ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಪೇಟೆಯಲ್ಲಿ ಎಂಟು ಸಾವಿರದ ಆಸುಪಾಸು. ಖರೀದಿ ಕೇಂದ್ರದ ನೋಂದಣಿಗೆ ನಾವೇ ತಡವಾಗಿ ಹೋಗಿದ್ದೆವು. ದೊಡ್ಡಪ್ಪನವರು ಚೀಲಗಳನ್ನು ಹಿಂದಕ್ಕೆ ಹೇರಿಸಿಕೊಂಡು ಬಂದರು. ದೊಡ್ಡಮ್ಮ ಮಾತನಾಡಲಿಲ್ಲ. ಕೊಬ್ಬರಿ ಮಾತ್ರ ಮಾತನಾಡಿತು: ಮಳೆಗಾಲದ ತೇವಕ್ಕೆ ಬೂಸಲು ಹಿಡಿಯತೊಡಗಿತು. ಕೊನೆಗೆ ಮೊದಲು ಬಂದಿದ್ದಕ್ಕಿಂತ ಕಡಮೆಗೇ ಮಾರಬೇಕಾಯಿತು. 2025ರಲ್ಲಿ ಬೆಲೆ 25,000 ದಾಟಿತಲ್ಲ, ಅಷ್ಟು ಹೊತ್ತಿಗೆ ನಮ್ಮ ಕೊಬ್ಬರಿ ಉತ್ತರದ ಯಾವುದೋ ಊರಿನ ಮಿಠಾಯಿಯಲ್ಲಿ ಕರಗಿ ಎರಡು ವರ್ಷವಾಗಿತ್ತು.

ಈ ಫಜೀತಿಯೇ ಬೇಡವೆಂದು ನಮ್ಮ ತಮ್ಮನ ಮಗ ಅಂತರ್ಜಾಲದ ಅಂಗಡಿಯೊಂದರಲ್ಲಿ ಕೊಬ್ಬರಿ ಮಾರಲು ಹೊರಟ. ಬಿ.ಕಾಂ. ಓದಿದ ಹುಡುಗ. “ತಾತ, ಇಲ್ಲಿ ದಲ್ಲಾಳಿ ಇಲ್ಲ, ಬೆಲೆ ನಾವೇ ಹಾಕೋದು” ಎಂದ. ಕಿಲೋಗೆ 340 ರೂಪಾಯಿ ಎಂದು ಬರೆದ. ದೊಡ್ಡಪ್ಪನವರು ಕನ್ನಡಕ ಸರಿಮಾಡಿಕೊಂಡು ಆ ಅಂಕಿಯನ್ನು ಎರಡು ಸಲ ನೋಡಿ ಸಂತೋಷಪಟ್ಟರು.

ದೀಪಾವಳಿ ಬಂತು. ಹತ್ತು ದಿನಕ್ಕೆ ಬರುವ ಗಿರಾಕಿಗಳು ಒಂದೇ ದಿನ ಬಂದರು. ಹುಡುಗ ಕುಣಿದಾಡಿದ. ರಾತ್ರಿ ಲೆಕ್ಕಕ್ಕೆ ಕುಳಿತಾಗ ತಿಳಿಯಿತು, ನಮ್ಮ 340 ಅಲ್ಲಿ 270 ಆಗಿ ಕುಳಿತಿತ್ತು. ಅಂಗಡಿಯವರ ಕಮಿಷನ್ನು, ಡಬ್ಬ, ಸಾಗಣೆ ಎಲ್ಲ ಕಳೆದರೆ ತಿಪಟೂರಿನ ಬೆಲೆಯೂ ಗಿಟ್ಟಲಿಲ್ಲ.

“ಕಾಯಿ ನಮ್ದು, ಅಟ್ಟ ನಮ್ದು. ಬೆಲೆ ಇಳಿಸ್ದೋನು ಯಾವನ್ಲಾ?” ಎಂದರು ದೊಡ್ಡಪ್ಪ.

ಕಾನೂನಿಲ್ಲವೆಂದಲ್ಲ. ವಿದೇಶೀ ಬಂಡವಾಳದ ಇಂಥ ಪೇಟೆಗಳು ಮಾರಾಟದ ಬೆಲೆಯ ಮೇಲೆ ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ಪ್ರಭಾವ ಬೀರಕೂಡದೆಂಬ ನಿಯಮ 2016ರಿಂದ ಜಾರಿಯಲ್ಲಿದೆ. ಹುಡುಗ ಅದನ್ನು ಹಿಡಿದು ಜಗಳಕ್ಕೇ ಹೊರಟ. ದೂರು ಬರೆಯುವ ಮೊದಲು ತನ್ನ ಖಾತೆಯನ್ನು ತಡಕಾಡಿದಾಗ, ಹಬ್ಬದ ರಿಯಾಯಿತಿಗೆ ಒಪ್ಪಿದ್ದೇನೆ ಎಂಬ ಸಾಲಿನ ಪಕ್ಕದಲ್ಲಿ ಒಂದು ಗುರುತು ಕಂಡಿತು. ಒತ್ತಿದವನು ಅವನೇ, ಓದದೆ ಒತ್ತಿದ್ದ.

ದೊಡ್ಡಪ್ಪನವರು ನಗಲಿಲ್ಲ. “ನಮ್ಮಪ್ಪಂಗೆ ಅಕ್ಷರ ಬರ್ತಿರಲಿಲ್ಲ, ಸಾವ್ಕಾರ ತೋರಿಸ್ದ ಕಡೆ ಹೆಬ್ಬೆಟ್ಟು ಒತ್ತಿದ. ನೀನು ಓದ್ದೋನು ಕಣ್ಲಾ ಮಗಾ” ಎಂದಷ್ಟೇ ಹೇಳಿದರು.

ಹುಡುಗ ಆ ಗುರುತನ್ನು ಅಳಿಸಿದ. ಬೆಲೆ ಮತ್ತೆ 340 ಆಯಿತು, ಗಿರಾಕಿಗಳು ತೆಳುವಾದರು. ಈಗ ದಿನಕ್ಕೆ ಒಂದೋ ಎರಡೋ ಡಬ್ಬ ಹೋಗುತ್ತದೆ, ಕೆಲವು ದಿನ ಅದೂ ಇಲ್ಲ.

“ಬರ್ಲಿ ಬಿಡು ನಿಧಾನಕ್ಕೆ. ಹನ್ನೊಂದು ತಿಂಗಳು ಕಾದಿರೋ ಕೊಬ್ಬರಿ, ಇನ್ನೆಂಟು ದಿನ ಕಾಯಲ್ವೇ?” ಎನ್ನುತ್ತಾರೆ ದೊಡ್ಡಪ್ಪ.

ನನಗೆ 2023ರ ಮಳೆಗಾಲ ನೆನಪಾಗುತ್ತದೆ. ಬೆಲೆ ಹೇಳುವ ಬಾಯಿ ನಮ್ಮದಾದರೆ ಸಾಲದು, ಕಾಯುವ ಶಕ್ತಿಯೂ ನಮ್ಮದಾಗಿರಬೇಕು ಎನ್ನಬೇಕೆನಿಸುತ್ತದೆ. ಆದರೆ ದೊಡ್ಡಮ್ಮನವರಂತೆ ನಾನೂ ಸುಮ್ಮನಿರುತ್ತೇನೆ. ಅಷ್ಟರಲ್ಲಿ ದೊಡ್ಡಪ್ಪನವರು ಏಣಿ ಹತ್ತಿ, ಬೂಸಲು ಬಂದಿದೆಯೇ ಎಂದು ನೋಡಲು ಅಟ್ಟ ಸೇರಿರುತ್ತಾರೆ.