ಎಷ್ಟು ಸಲವಾದರೆ ‘ಆಫನ್’?

ಕೊರಿಯಾದ ಸುವಾನ್‌ನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಕ್ವಾಜಂಗ್‌ನಿಮ್‌ಗೆ ಸಂಸಾರವಿಲ್ಲ, ಉದ್ಯೋಗವಿಲ್ಲ, ಬಿಡುವಾದಾಗಲೆಲ್ಲ ಪಾರ್ಕಿನಲ್ಲಿ ಓಡುತ್ತಾರೆ. ಇದು ಇಂಗ್ಲಿಷ್ ಪರೀಕ್ಷೆಯ ಕಂಪ್ಯೂಟರಿಗೆ ಅವರು ಕೊಟ್ಟಿರುವ ಮಾಹಿತಿ. ವಾಸ್ತವದಲ್ಲಿ ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಕೆಲಸ ಕತ್ತಲಾದರೂ ಮುಗಿಯುವುದಿಲ್ಲ. ಓಟವೇನಿದ್ದರೂ ಬಸ್ಸು ಹೊರಟುಬಿಟ್ಟಾಗ. (ಕ್ವಾಜಂಗ್ ಎಂದರೆ ವಿಭಾಗದ ಮ್ಯಾನೇಜರು. ಅಲ್ಲಿ ಹೆಸರು ಹಿಡಿದು ಕೂಗುವುದಿಲ್ಲ. ಹುದ್ದೆಗೆ ‘ನಿಮ್’ ಅಂಟಿಸಿದರೆ ನಮ್ಮ ‘ಅವರು’ ಅಂದಂತೆ.)

ಕೊರಿಯಾದ ದೊಡ್ಡ ಕಂಪನಿಗಳಲ್ಲಿ ಕೆಲಸಕ್ಕೂ ಬಡ್ತಿಗೂ ಇಂಗ್ಲಿಷಿನ ಅಂಕಪಟ್ಟಿ ಕೇಳುತ್ತಾರೆ. ಅದರಲ್ಲಿ 990 ಅಂಕದ ‘ಟೋಇಕ್’ ಹಳೆಯದು. ಮಾತಾಡುವುದನ್ನು ಅಳೆಯಲಿಕ್ಕೆ ‘ಓಪಿಕ್’ ಇದೆ. ಪರದೆಯ ಮೇಲೆ ಈವಾ ಎಂಬ ಹೆಣ್ಣುಬೊಂಬೆ ಪ್ರಶ್ನೆ ಕೇಳುತ್ತದೆ, ಅಭ್ಯರ್ಥಿ ಮೈಕಿಗೆ ಉತ್ತರ ಹೇಳಬೇಕು, ಒಟ್ಟು 40 ನಿಮಿಷ. ಅದಕ್ಕೂ ಮೊದಲು ಉದ್ಯೋಗ, ಮನೆ, ಹವ್ಯಾಸ ಎಂದು ಒಂದು ಪಟ್ಟಿಯಲ್ಲಿ ಟಿಕ್ ಹಾಕಬೇಕು. ಟಿಕ್ ಹಾಕಿದ್ದರ ಮೇಲೆಯೇ ಬಹುಪಾಲು ಪ್ರಶ್ನೆ. ಹಾಗಾಗಿ ‘ಹಗ್ವನ್’ ಎನ್ನುವ ಅಲ್ಲಿನ ಟ್ಯೂಷನ್ ಕೇಂದ್ರಗಳು ಸುಲಭದ ದಾರಿ ಹೇಳಿಕೊಡುತ್ತವೆ: ಕೆಲಸ ಇಲ್ಲ ಅನ್ನಿ, ಒಬ್ಬರೇ ಇದ್ದೀನಿ ಅನ್ನಿ, ಹವ್ಯಾಸಕ್ಕೆ ಸಂಗೀತ, ಪಾರ್ಕು, ಜಾಗಿಂಗ್ ಹಾಕಿ. ಕಚೇರಿಯ ಗೋಳಾಗಲಿ ಸಂಸಾರದ ಗೋಳಾಗಲಿ ಇಂಗ್ಲಿಷಿನಲ್ಲಿ ಹೇಳುವ ಪಾಡು ತಪ್ಪುತ್ತದೆ. ಕೊರಿಯಾ ದೇಶಕ್ಕೆ ದೇಶವೇ ನಿರುದ್ಯೋಗಿ, ಅದೂ ಏಕಾಂಗಿಯಾಗಿ ಪಾರ್ಕಿನಲ್ಲಿ ಓಡುತ್ತಿದೆ ಎಂದು ಈವಾ ನಂಬಿರಬೇಕು, ಪಾಪ.

ಜಾಗಿಂಗ್ ಅಂದ ಕೂಡಲೇ ಈವಾ ಕೇಳುವುದು ‘ಹೌ ಆಫನ್?’ ಸಂಕಟ ಶುರುವಾಗುವುದು ಅಲ್ಲಿಂದ.

ವ್ಯಾಕರಣದ ಸಂಕಟವಲ್ಲ. ಅದು ಕ್ವಾಜಂಗ್‌ನಿಮ್‌ಗೆ ನಿದ್ದೆಯಲ್ಲೂ ಬರುತ್ತದೆ. ‘ಜೋ-ಬಿ-ದ್ವಿ-ಇಲ್-ಆಪ್’ ಎಂದು ಶಾಲೆಯಲ್ಲಿ ಉರುಹೊಡೆದಿದ್ದಾರೆ, ನಾವು ಛಂದಸ್ಸಿಗೆ ‘ಯಮಾತಾರಾಜಭಾನಸಲಗಂ’ ಉರುಹೊಡೆದಂತೆ. ಸಹಾಯಕ ಕ್ರಿಯಾಪದ ಮತ್ತು ‘ಬಿ’ ಕ್ರಿಯಾಪದದ ನಂತರ, ಸಾಮಾನ್ಯ ಕ್ರಿಯಾಪದಕ್ಕೆ ಮೊದಲು ಎಂದು ಅದರರ್ಥ. ಆಲ್ವೇಸ್, ಆಫನ್, ಸಮ್‌ಟೈಮ್ಸ್, ನೆವರ್ ಕೂರುವ ಜಾಗ ಅದು. ಕೊರಿಯನ್ನಿನಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ಅದಕ್ಕೆ ಮೊದಲು ‘ಆಗಾಗ’ ಎಲ್ಲಿ ಬೇಕಾದರೂ ಓಡಾಡಿಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಸೀಟ್ ನಂಬರ್ ಇದೆ.

ಉಚ್ಚಾರಣೆಯ ಕಥೆಯೇ ಬೇರೆ. ಕೊರಿಯನ್ನಿನಲ್ಲಿ ‘ಫ’ ಇಲ್ಲ. ಕಾಫಿ ಅವರಿಗೆ ‘ಕೊಪಿ’, ‘ಆಫನ್’ ಹಂಗುಲ್ ಲಿಪಿಗಿಳಿದರೆ ‘ಓಪುನ್’. ಹೊಸ ಅಂಗಡಿಯ ಬಾಗಿಲಿಗೆ ‘ಗ್ರ್ಯಾಂಡ್ ಓಪನ್’ ಎಂದು ತೂಗುಹಾಕುವ ಬಟ್ಟೆಯ ಮೇಲೂ ಅದೇ ಎರಡು ಅಕ್ಷರ. ಕಾಪಿ ಕುಡಿದು ಆಪೀಸಿಗೆ ಹೋಗುವ ನಾಡಿನವನಾದ ನಾನು ಇದಕ್ಕೆ ನಗುವಂತಿಲ್ಲ. ಅದರ ಮೇಲೆ ಆ ‘ಟಿ’ ಅಕ್ಷರ: ಕೆಲವು ಇಂಗ್ಲಿಷರು ನುಂಗುತ್ತಾರೆ, ಕೆಲವರು ಉಗುಳುತ್ತಾರೆ, ಎರಡೂ ಸರಿಯಂತೆ. ಪ್ರತಿ ನವೆಂಬರಿನ ಒಂದು ಗುರುವಾರ ವಿಶ್ವವಿದ್ಯಾಲಯ ಪ್ರವೇಶದ ‘ಸುನುಂಗ್’ ಪರೀಕ್ಷೆ ನಡೆಯುತ್ತದೆ. ಇಂಗ್ಲಿಷ್ ಕೇಳಿಸಿಕೊಂಡು ಬರೆಯುವ ಹೊತ್ತಿನಲ್ಲಿ, ಸುಮಾರು 35 ನಿಮಿಷ, ಇಡೀ ದೇಶದಲ್ಲಿ ವಿಮಾನ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇಷ್ಟು ನಿಶ್ಶಬ್ದ ಮಾಡಿಕೊಟ್ಟರೂ ಆ ‘ಟಿ’ ಇತ್ತೋ ಇಲ್ಲವೋ ಎಂದು ಮಕ್ಕಳಿಗೆ ಅನುಮಾನ.

ನಿಜವಾದ ಸಂಕಟ ಲೆಕ್ಕದ್ದು. ಪಠ್ಯದಲ್ಲಿ ಕೋಷ್ಟಕ ಇರುತ್ತದೆ: ಆಲ್ವೇಸ್ ನೂರಕ್ಕೆ ನೂರು, ನೆವರ್ ಸೊನ್ನೆ, ಆಫನ್ ನೂರಕ್ಕೆ ಅರವತ್ತೋ ಎಪ್ಪತ್ತೋ. ಯಾವುದರ ನೂರು? ವಾರಕ್ಕೆರಡು ಸಲ ಸಿನಿಮಾಕ್ಕೆ ಹೋಗುವವನು ‘ಆಫನ್’ ಹೋಗುತ್ತಾನೆ. ವಾರಕ್ಕೆರಡೇ ಸಲ ಸ್ನಾನ ಮಾಡುವವನ ಬಗ್ಗೆ ಯಾರೂ ಹಾಗೆ ಅನ್ನುವುದಿಲ್ಲ. ಎಷ್ಟು ಸಲ ನಿರೀಕ್ಷಿಸಿದ್ದೆವೋ ಅದನ್ನು ದಾಟಿದರೆ ಆಫನ್. ಮಗ ತಿಂಗಳಿಗೊಮ್ಮೆ ಊರಿಗೆ ಬಂದರೆ ತಾಯಿಗೆ ಅಪರೂಪ, ಸೊಸೆಗೆ ಆಗಾಗ. ಇದನ್ನು ಕೋಷ್ಟಕ ಹೇಳುವುದಿಲ್ಲ.

ಕೋಷ್ಟಕ ನಂಬಿದವರು ಎಡವುವುದು ನುಡಿಗಟ್ಟಿನಲ್ಲಿ. ‘ಎವ್ರಿ ಸೋ ಆಫನ್’ ನೋಡಿ. ‘ಆಫನ್’ ಎಂದರೆ ಕೊರಿಯನ್ನಿನಲ್ಲಿ ‘ಚಾಜು’. ಅದಕ್ಕೆ ‘ಎವ್ರಿ’, ‘ಸೋ’ ಎರಡೂ ಕೂಡಿದರೆ ಇನ್ನೂ ಜಾಸ್ತಿ ಸಲ ಇರಬೇಕು ಎಂದು ಕ್ವಾಜಂಗ್‌ನಿಮ್ ಲೆಕ್ಕ ಹಾಕಿದರು. ಆದರೆ ಅದು ‘ಕಕ್ಕುಮ್’, ಒಮ್ಮೊಮ್ಮೆ. ಕನ್ನಡದವರಿಗೆ ಇದು ಹೊಸದಲ್ಲ: ‘ಆಗಾಗ’ ಎಂದರೆ ಮತ್ತೆಮತ್ತೆ, ಅದೇ ‘ಆಗ’ವನ್ನು ಹಿಗ್ಗಿಸಿ ‘ಆಗೊಮ್ಮೆ ಈಗೊಮ್ಮೆ’ ಅಂದರೆ ಸಂಖ್ಯೆ ಇಳಿಯುತ್ತದೆ. ‘ಮೋರ್ ಆಫನ್ ದ್ಯಾನ್ ನಾಟ್’ ಮಾತ್ರ ಕ್ವಾಜಂಗ್‌ನಿಮ್‌ಗೆ ಹಿಡಿಸಿತು. ಹತ್ತರಲ್ಲಿ ಆರು ಸಲವಾದರೂ ಎಂಬ ಅಂದಾಜು, ಅವರಂಥ ಎಂಜಿನಿಯರಿಗೆ ಒಪ್ಪುವಂಥದ್ದು.

‘ಒನ್ಸ್ ಟೂ ಆಫನ್’ ತಲೆಗೆ ಹೋಗಲಿಲ್ಲ. ಒಂದು ಸಲ ಎನ್ನುವುದೂ ಪದೇಪದೇ ಎನ್ನುವುದೂ ಒಟ್ಟಿಗೆ ಹೇಗೆ ಎಂದರು. ಕದಿಯುತ್ತಲೇ ಇದ್ದವನು ದಕ್ಕಿಸಿಕೊಳ್ಳುತ್ತಲೇ ಇದ್ದ, ಇನ್ನೊಂದು ಸಲ ಕೈಹಾಕಿದ, ಆ ಸಲ ಸಿಕ್ಕಿಬಿದ್ದ ಎಂದು ಬಿಡಿಸಿ ಹೇಳಿದೆ. ‘ಕಳ್ಳರಿಗೆ ಮಾತ್ರವೋ?’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮರುದಿನ ಕಾಫಿ ಯಂತ್ರದ ಮುಂದೆ ನಿಂತು ಎಂದಿನಂತೆ ಉತ್ತರ ಗಟ್ಟಿಮಾಡುತ್ತಿದ್ದರು: ‘ಐ ಆಫನ್ ಜಾಗ್ ಅರೌಂಡ್ ಹ್ವಾಸೊಂಗ್ ಫೋರ್ಟ್ರೆಸ್.’ ಹ್ವಾಸೊಂಗ್ ಸುವಾನ್‌ನ ಕೋಟೆ, 1997ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು. ಗೋಡೆಯ ಸುತ್ತಳತೆ 5.7 ಕಿಲೋಮೀಟರ್, ನಡುವೆ ಗುಡ್ಡದ ಏರು. ಹಿಂದೆ ಲೋಟ ಹಿಡಿದು ನಿಂತಿದ್ದವರು ಇಲಾಖೆಯ ಮುಖ್ಯಸ್ಥರು, ಪೂಜಂಗ್‌ನಿಮ್. ಓಟದ ಹುಚ್ಚಿನವರು.

‘ನೀವೂ ಓಡ್ತೀರಾ? ಹೇಳಲೇ ಇಲ್ಲ! ಶನಿವಾರ ಬೆಳಿಗ್ಗೆ ಆರಕ್ಕೆ ಪಾಲ್ದಾಲ್‌ಮುನ್ ಬಾಗಿಲ ಹತ್ರ ಬನ್ನಿ, ಒಂದು ಸುತ್ತು ಹೊಡೆಯೋಣ.’

ಪೂಜಂಗ್‌ನಿಮ್‌ಗೆ ಒಲ್ಲೆ ಎನ್ನುವ ಪದ್ಧತಿ ಅಲ್ಲಿಲ್ಲ. ಅವರು ಅತ್ತ ಹೋದ ಮೇಲೆ ಕ್ವಾಜಂಗ್‌ನಿಮ್ ನೋಟ್‌ಬುಕ್ ತೆಗೆದು ಹಿಂದಿನ ದಿನದ ‘ಕಳ್ಳರಿಗೆ ಮಾತ್ರವೋ?’ ಎಂಬುದನ್ನು ಹೊಡೆದುಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ಓಡೋ ಬೂಟು ಎಲ್ಲಿ ಅಗ್ಗಕ್ಕೆ ಸಿಗುತ್ತೆ ಎಂದು ಕೇಳಿದರು.