ಮಣ್ಣಿನ ರುಚಿ ನೋಡುವ ಊರು

ಜಪಾನಿನಲ್ಲಿ ಹಾಗಂತೆ, ಹೀಗಂತೆ ಎಂದು ಓದಿ ಮೂಗಿನ ಮೇಲೆ ಬೆರಳಿಡುತ್ತೇವಲ್ಲ, ನಮ್ಮದೇ ರಾಜ್ಯದ ನೆತ್ತಿಯ ಮೇಲಿರುವ ಬೀದರವನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ? ಬನ್ನಿ, ಒಂದು ಸುತ್ತು ಹಾಕಿ ಬರೋಣ.

ಊರ ನಡುವೆ 71 ಅಡಿ ಎತ್ತರದ ಚೌಬಾರಾ ನಿಂತಿದೆ. ಅದನ್ನು ಗುರುತಿಟ್ಟುಕೊಳ್ಳಿ, ದಾರಿ ತಪ್ಪುವುದಿಲ್ಲ. ಹಳೇ ಊರಿನ ಓಣಿಗಳಲ್ಲಿ ಬಿದರಿ ಕಲೆಗಾರರು ಕೂತಿರುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ತಟ್ಟೆಗಳ ಮೇಲೆ ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಬೇಕಾಗುವುದು ಕೋಟೆಯ ಮಣ್ಣು. ಅದೂ ಬಿಸಿಲು ಮಳೆ ತಾಗದ ಹಳೆಯ ಮಣ್ಣೇ ಆಗಬೇಕು. ಅದನ್ನು ಆರಿಸುವುದು ಹೇಗೆ ಗೊತ್ತೇ? ಚಿಟಿಕೆ ಮಣ್ಣನ್ನು ನಾಲಗೆಯ ಮೇಲಿಟ್ಟು, ನಾವು ಸಾರಿನ ಉಪ್ಪು ನೋಡಿದ ಹಾಗೆ! ಆ ಮಣ್ಣಿಗೆ ನವಸಾಗರ ಬೆರೆಸಿ ಹಾಕಿದರೆ ಪಾತ್ರೆ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಹೊಳೆಯುತ್ತದೆ.

ಇಲ್ಲಿ ದೇವರ ದರ್ಶನವೂ ಬೇರೆ ಥರ. ಝರಣಿ ನರಸಿಂಹನ ಗುಹೆಯಲ್ಲಿ ನೀರು ತುಂಬಿದ್ದಾಗ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ತಲೆಯ ಮೇಲೆ ಬಾವಲಿಗಳು, ಅಪ್ಪಂದಿರ ಹೆಗಲ ಮೇಲೆ ಕೂಸುಗಳು! ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯಿದೆ. ಮುಸಲ್ಮಾನರಿಗೆ ಆತ ವಲಿ, ಹಿಂದೂಗಳಿಗೆ ಅಲ್ಲಮಪ್ರಭು. ಹೋಳಿ ಹುಣ್ಣಿಮೆಯಾದ ಮೇಲೆ ನಡೆಯುವ ಉರುಸಿಗೆ ಮಾಡಿಯಾಳದ ಜಂಗಮರು ಬರುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ.

ಇನ್ನು ಭಾಲ್ಕಿ. ನಿಜಾಮರ ಕಾಲದಲ್ಲಿ ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಮನೆಮಾತು ಕನ್ನಡವಾದರೂ ಮಕ್ಕಳಿಗೆ ಅದರ ಅಕ್ಷರ ಸಿಕ್ಕದು. ಆಗ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890-1999) ಒಂದು ಉಪಾಯ ಮಾಡಿದರು: ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ! 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ ನಮ್ಮ ರಾಜ್ಯಕ್ಕೆ ಸೇರಿತು. ಅಲ್ಲಿಯತನಕ ಕನ್ನಡದ ದೀಪ ಆರದಂತೆ ಕಾದವರಲ್ಲಿ ಅವರು ಮೊದಲಿಗರು. ಒಲೆಯ ಮೇಲೆ ಹಾಲಿಟ್ಟು ನೀವು ನಿಶ್ಚಿಂತೆಯಿಂದ ಈ ಪುಟ ಓದುತ್ತೀರಲ್ಲ, ಆ ಫಲಕವನ್ನೊಮ್ಮೆ ನೆನೆಯಿರಿ.

ಔರಾದ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಸೀಮೆ. ಮರಾಠಿಯಲ್ಲಿ ಶುರುವಾದ ಚೌಕಾಸಿ ಉರ್ದುವಿನಲ್ಲಿ ಸಾಗಿ, 'ಬರ್ರಿ, ಕುಂದುರ್ರಿ' ಎಂಬ ಕನ್ನಡದಲ್ಲಿ ಮುಗಿದರೆ ಅಚ್ಚರಿಪಡಬೇಡಿ. ಇಲ್ಲಿನ ದೇವಣಿ ದನಗಳಿಗೂ ಬಣ್ಣ ನೋಡಿ ಹೆಸರು: ಅಚ್ಚ ಬಿಳಿಯದು ಬಾಳಂಕ್ಯಾ, ಮುಖ ಕಪ್ಪಾದರೆ ವಾನೆರಾ, ಮೈತುಂಬ ಕಪ್ಪು ಮಚ್ಚೆಯಿದ್ದರೆ ಶೇವರಾ.

ಎಳ್ಳ ಅಮಾವಾಸ್ಯೆಗೆ ಈ ಕಡೆ ಹೋದರೆ ಪೇಟೆ ಬಿಕೋ ಎನ್ನುತ್ತಿರುತ್ತದೆ. ಜನವೆಲ್ಲ ಹೊಲದಲ್ಲಿ! ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಅಂಬಲಿ, ಭಜ್ಜಿ ಉಣ್ಣುತ್ತಾರೆ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ, ತಂಗಿ. ಹಸಿ ತೊಗರಿ, ಕಡಲೆ, ಬಟಾಣಿ, ಸೊಪ್ಪು, ಸಿಕ್ಕಷ್ಟು ತರಕಾರಿ ಹಾಕಿ, ಹುಣಸೆ ಹಿಂಡಿ, ಕಡಲೆಹಿಟ್ಟು ಕಲಸಿ ಕುದಿಸಿದ ಗಟ್ಟಿ ಪಲ್ಯ. ಹೊಲದ ಹಾದಿಯಲ್ಲಿ ಯಾರೇ ಸಿಕ್ಕರೂ ಕರೆದು ಬಡಿಸುತ್ತಾರೆ. ಆ ದಿನ ಬಿದರಿ ಡಬ್ಬಿ ಕೊಳ್ಳುವ ಆಸೆ ಬಿಡಿ. ಹಸಿದ ಹೊಟ್ಟೆ ಮಾತ್ರ ಮರೆಯದೆ ಒಯ್ಯಿರಿ.