ಫುಡ್ ಟ್ರಕ್ಕಿನ ಒಳಗೋಡೆಗೆ ಅಂಟಿಸಿದ ಫೋಟೋ

ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ.

ಮೂರು ತಿಂಗಳಿಂದ ಭಾನುವಾರ ಸಂಜೆ ಆದ್ರೆ ಸಾಕು, ನಾನೂ ಇಬ್ಬರು ಗೆಳೆಯರೂ ಬೆಂಗಳೂರಿನ ಫುಡ್ ಟ್ರಕ್‌ಗಳನ್ನ ಹುಡುಕ್ಕೊಂಡು ತಿರುಗ್ತಾ ಇದ್ದೀವಿ. "ಏನಣ್ಣ, ಹೋರಾಟ ಬಿಟ್ಟು ಫುಡ್ ವ್ಲಾಗ್ ಶುರು ಮಾಡಿದ್ರಾ?" ಅಂತ ಸುಮಾರು ಜನ ಕಾಲೆಳೆದ್ರು. ಎಳೀಲಿ ಬಿಡಿ. ನಮ್ಮ ಜನಕ್ಕೆ ಊಟ ಯಾವತ್ತು ಬರೀ ಊಟ ಆಗಿತ್ತು ಹೇಳಿ? ಹೋಟ್ಲಲ್ಲಿ ಎಲ್ಲಿ ನಿಂತ್ಕೋಬೇಕು, ಯಾವ ಲೋಟದಲ್ಲಿ ಕುಡೀಬೇಕು, ಕುಡಿದ ಮೇಲೆ ಆ ಲೋಟ ಯಾರು ತೊಳೀಬೇಕು ಅನ್ನೋದನ್ನೆಲ್ಲ ಊರೇ ತೀರ್ಮಾನ ಮಾಡ್ತಿತ್ತು. ಹಾಗೆ ಹೋಟ್ಲಿನ ಹೊರಗೆ ನಿಂತವರ ಮಕ್ಕಳು ಇವತ್ತು ಹೋಟ್ಲನ್ನೇ ಚಕ್ರದ ಮೇಲೆ ಕಟ್ಟಿಕೊಂಡು ಸಿಟಿಯಲ್ಲಿ ವ್ಯಾಪಾರ ಮಾಡ್ತಿದ್ದಾರೆ. ಅದನ್ನ ಹೋಗಿ ನೋಡಬೇಕು, ತಿನ್ನಬೇಕು ಅನ್ನಿಸ್ತು.

ಶುರುವಾಗಿದ್ದು ಒಂದು ಫೋನಿನಿಂದ. ಚಿಂತಾಮಣಿ ಕಡೆ ಹುಡುಗ, ಹಾಸ್ಟೆಲ್ ದಿನಗಳಿಂದ ಸಂಘಟನೆಯಲ್ಲಿ ಓಡಾಡಿದವನು. "ಅಣ್ಣಾ, ಟ್ರಕ್ ಹಾಕಿದೀನಿ. ಬಂದು ರುಚಿ ನೋಡಿ ಹೇಳಿ" ಅಂದ. ಲೊಕೇಶನ್ ಕಳಿಸಿದ. ಹೋದ್ವಿ, ಟ್ರಕ್ ಇಲ್ಲ. ಫೋನ್ ಮಾಡಿದ್ರೆ, "ಅಣ್ಣಾ, ಅಲ್ಲಿಂದ ಎಬ್ಬಿಸಿದ್ರು. ಈಗ ಪಾರ್ಕಿನ ಹಿಂದುಗಡೆ ಇದ್ದೀನಿ, ಬನ್ನಿ." ಪಾರ್ಕಿನ ಹಿಂದುಗಡೆ ಹೋಗೋ ಹೊತ್ತಿಗೆ ಅಲ್ಲಿಂದಲೂ ಹೊರಟಿದ್ದ. ಮೂರನೇ ಜಾಗದಲ್ಲಿ, ರಾತ್ರಿ ಒಂಬತ್ತೂವರೆಗೆ ಸಿಕ್ಕಿದ. ಅಷ್ಟೊತ್ತಿಗೆ ಬನ್ ಖಾಲಿ.

ಅಲ್ಲಿದ್ದ ಗಿರಾಕಿಗಳಿಗೆ ಈ ಹುಡುಕಾಟವೇ ಒಂದು ಮಜಾ. ಇನ್‌ಸ್ಟಾಗ್ರಾಮ್‌ನಲ್ಲಿ ಸ್ಟೋರಿ ನೋಡೋದು, ಬೈಕ್ ತಗೊಂಡು ಓಡೋದು, ಸಿಕ್ತು ಅಂತ ಸೆಲ್ಫಿ ಹಾಕೋದು. ಆದ್ರೆ ಕಿಟಕಿಯ ಆಚೆ ಇರೋನಿಗೆ ಅದು ಆಟ ಅಲ್ಲ. ಒಂದು ಸಲ ಎಬ್ಬಿಸಿದ್ರೆ ಕಾದ ಎಣ್ಣೆ ಆರಿಸಬೇಕು, ಸಿಲಿಂಡರ್ ಬಂದ್ ಮಾಡಬೇಕು, ಪಾತ್ರೆ ಉರುಳದ ಹಾಗೆ ಕಟ್ಟಬೇಕು. ಹೊಸ ಜಾಗದಲ್ಲಿ ಮತ್ತೆ ಎಣ್ಣೆ ಕಾಯೋ ಹೊತ್ತಿಗೆ ಮುಕ್ಕಾಲು ಗಂಟೆ ವ್ಯಾಪಾರ ಹೋಗಿರುತ್ತೆ. ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ವ್ಯಾಪಾರ ಇರೋನಿಗೆ ಮುಕ್ಕಾಲು ಗಂಟೆ ಅಂದ್ರೆ ಎಷ್ಟು ಅಂತ ಲೆಕ್ಕ ಹಾಕಿ.

ಫುಡ್ ಟ್ರಕ್ ಅಂದ್ರೆ ಅಮೆರಿಕದ ಫ್ಯಾಷನ್ ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿದ್ದಾರೆ. ಅಲ್ಲೂ ಇದರ ಬೇರು ಬಡವರದ್ದೇ. 1974ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾವುಲ್ ಮಾರ್ಟಿನೆಜ್ ಅನ್ನೋ ಮೆಕ್ಸಿಕನ್ ವಲಸಿಗ ಒಂದು ಹಳೇ ಐಸ್‌ಕ್ರೀಮ್ ಗಾಡಿಯನ್ನ ಟ್ಯಾಕೋ ಮಾರೋ ಗಾಡಿ ಮಾಡಿದ. ಮುಂದೆ ಅಂಥ ಗಾಡಿಗಳು ಕೂಲಿ ಕೆಲಸದವರ ಊಟದ ಮನೆಗಳಾದವು. 2008ರ ಏಪ್ರಿಲ್‌ನಲ್ಲಿ ಅಲ್ಲಿನ ಕೌಂಟಿ ಆಡಳಿತ, ಒಂದೇ ಜಾಗದಲ್ಲಿ ಒಂದು ಗಂಟೆಗಿಂತ ಜಾಸ್ತಿ ನಿಂತ ಗಾಡಿಗೆ ಭಾರೀ ದಂಡ, ಜೈಲು ಅಂತ ನಿಯಮ ತಂತು. ಗಾಡಿಯವರು ಸುಮ್ಮನೆ ಕೂರಲಿಲ್ಲ, ಗಿರಾಕಿಗಳೂ ಅವರ ಜೊತೆ ನಿಂತ್ರು. ಆಗಸ್ಟ್‌ನಲ್ಲಿ ಕೋರ್ಟು ಆ ನಿಯಮ ಬಿದ್ದುಹೋಗೋ ಹಾಗೆ ಮಾಡ್ತು. ಅದೇ ವರ್ಷದ ಕೊನೆಗೆ ರಾಯ್ ಚೋಯ್ ಅನ್ನೋ ಕೊರಿಯನ್ ಮೂಲದ ಶೆಫ್ 'ಕೋಗಿ' ಟ್ರಕ್ ಶುರು ಮಾಡಿದ್ರು. ಟ್ವಿಟರ್‌ನಲ್ಲಿ ಜಾಗ ನೋಡಿ ಜನ ಹಿಂದೆ ಹಿಂದೆ ಓಡಿದ್ರು. ನಾವು ಇವತ್ತು ಫುಡ್ ಟ್ರಕ್ ಸಂಸ್ಕೃತಿ ಅಂತ ಕರೆಯೋದು ಅಲ್ಲಿಂದ ಜಗತ್ತಿಗೆ ಹಬ್ಬಿದ್ದು. ಅದೇ ಊರು, ಅದೇ ವರ್ಷ. ಒಬ್ಬರ ಗಾಡಿ ನಿಂತ್ರೆ ಅಪರಾಧ, ಇನ್ನೊಬ್ಬರ ಗಾಡಿ ನಿಂತ್ರೆ ಹಬ್ಬ!

ನಮ್ಮಲ್ಲೂ ಹಾಗೇ ಅಲ್ವಾ? ಮೈಸೂರು ರಸ್ತೆಯಲ್ಲಿ, ತುಮಕೂರು ರಸ್ತೆಯಲ್ಲಿ ಓಮ್ನಿ ವ್ಯಾನಿನ ಹಿಂದಿನ ಬಾಗಿಲು ಎತ್ತಿ ಇಡ್ಲಿ, ಚಿತ್ರಾನ್ನ, ಬಿರಿಯಾನಿ ಮಾರೋರನ್ನ ನಾವು ಎಷ್ಟು ವರ್ಷದಿಂದ ನೋಡ್ತಿದ್ದೀವಿ! ಅದಕ್ಕೆ ಯಾರೂ ಫುಡ್ ಟ್ರಕ್ ಅನ್ನಲ್ಲ, ಗಾಡಿ ಹೋಟ್ಲು ಅಂತಾರೆ. ಅದೇ ಟಾಟಾ ಏಸ್‌ಗೆ ಕಪ್ಪು ಬಣ್ಣ ಹೊಡೆದು, ಲೈಟಿನ ಸರ ಬಿಟ್ಟು, ಇಂಗ್ಲಿಷ್ ಹೆಸರು ಬರೆದ್ರೆ ಫುಡ್ ಟ್ರಕ್. ನಾವು ಎರಡನ್ನೂ ಬಿಡದೆ ತಿಂದ್ವಿ.

ರುಚಿ ಹೇಳದೇ ಹೋದ್ರೆ ಅನ್ಯಾಯ. ಬರ್ಗರ್ ಟ್ರಕ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಸಾಸು, ಒಂದೇ ಫ್ರೋಜನ್ ಪ್ಯಾಟಿ. ಹೆಸರು ಬೇರೆ, ರುಚಿ ಅದೇ. ನಮ್ಮ ಚಿಂತಾಮಣಿ ಹುಡುಗ ಮಾತ್ರ ಕೋಳಿಯನ್ನ ಬೆಳಿಗ್ಗೆಯೇ ಮಸಾಲೆಗೆ ಹಾಕಿ ನೆನೆಸ್ತಾನೆ. ಆ ಮಸಾಲೆ ಅವನ ಅವ್ವ ಹುರಿದು ಪುಡಿ ಮಾಡಿ ಕಳಿಸೋದು. ಬನ್ನಿನ ಮಧ್ಯೆ ಕೂತಿದ್ರೂ ಅದು ನಮ್ಮ ಕೇರಿ ಕೋಳಿಸಾರಿನ ಘಮ. ಪಶ್ಚಿಮದ ಕಡೆ ಒಂದು ಬಡಾವಣೆಯಲ್ಲಿ ಒಬ್ಬ ಅಕ್ಕ ಓಮ್ನಿಯಲ್ಲಿ ಮುದ್ದೆ ಊಟ ಮಾಡ್ತಾರೆ. ಭಾನುವಾರ ಬೋಟಿ ಗೊಜ್ಜು, ಕಡ್ಲೆಕಾಳು ಹಾಕಿದ್ದು. ಬೋಟಿ ಅಂದ್ರೆ ಮೂಗು ಮುರಿಯೋರಿಗೆ ಅದರ ಕೆಲಸ ಗೊತ್ತಿಲ್ಲ. ಬಿಸಿನೀರಲ್ಲಿ ಅದ್ದಿ, ಸುಣ್ಣ ಹಚ್ಚಿ, ಬಿಳಿ ಬರೋವರೆಗೂ ಕೆರೆದು, ಏಳೆಂಟು ನೀರಲ್ಲಿ ತೊಳೀಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆ ಅಕ್ಕ ಇದನ್ನ ಮಾಡ್ತಾರೆ. ಎರಡು ಮುದ್ದೆ ಇಳಿದಿದ್ದೇ ಗೊತ್ತಾಗಲಿಲ್ಲ ನನಗೆ.

ಮೂರು ತಿಂಗಳು ತಿರುಗಿದ್ರೂ ದನದ ಮಾಂಸ ಮಾತ್ರ ಒಂದು ಟ್ರಕ್ಕಿನಲ್ಲೂ ಕಾಣಲಿಲ್ಲ. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಪ್ರಕಾರ ರಾಜ್ಯದಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಯಾವ ಜಾನುವಾರನ್ನೂ ಕಡಿಯೋ ಹಾಗಿಲ್ಲ. ಹುಡುಗನನ್ನ ಕೇಳಿದೆ, "ನಿಮ್ಮವ್ವ ಮಾಡೋದ್ರಲ್ಲಿ ನಿಂಗೆ ಯಾವುದಿಷ್ಟ?" ನಕ್ಕ. "ಅಣ್ಣಾ, ಅದನ್ನ ಮೆನುನಲ್ಲಿ ಹಾಕಕ್ಕಾಗಲ್ಲ" ಅಂದ. ಅಷ್ಟೇ ಸಾಕಾಯ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಫುಡ್ ಟ್ರಕ್ಕಿನ ಕಿಟಕಿಯಲ್ಲಿ ಒಂದು ವಿಚಿತ್ರ ಇದೆ. ಅಲ್ಲಿ ಯಾರೂ ಜಾತಿ ಕೇಳಲ್ಲ. ಕೈ ಕಾಣುತ್ತೆ, ಪ್ಲೇಟು ಬರುತ್ತೆ, ಫೋನ್‌ಪೇ ಮಾಡಿ ಹೋಗ್ತಾರೆ. ಊರಲ್ಲಿ ನಮ್ಮ ಹುಡುಗ ಒಂದು ಟೀ ಅಂಗಡಿ ಇಟ್ರೂ ಮೇಲಿನ ಬೀದಿಯವರು ಬರಲ್ಲ. ದಲಿತ ಹೆಣ್ಣುಮಗಳು ಬಿಸಿಯೂಟ ಮಾಡ್ತಾಳೆ ಅಂತ ಮಕ್ಕಳಿಗೆ ಊಟ ಬಿಡಿಸಿದ, ಶಾಲೆಯನ್ನೇ ಬಿಡಿಸಿದ ಸುದ್ದಿ ನಮ್ಮ ರಾಜ್ಯದ್ದೇ, ಹಳೇ ಕಾಲದ್ದೂ ಅಲ್ಲ. ಅದನ್ನ ನೆನೆಸಿಕೊಂಡ್ರೆ, ಇಲ್ಲಿ ಕಾರಿನಿಂದ ಇಳಿದು ಬಂದು ನಮ್ಮ ಹುಡುಗನ ಕೈಯಿಂದ ಇಸ್ಕೊಂಡು ಬೆರಳು ಚೀಪಿಕೊಂಡು ತಿನ್ನೋದನ್ನ ನೋಡಿ ಎದೆ ಉಬ್ಬುತ್ತೆ. ನಿಜವಾಗ್ಲೂ ಉಬ್ಬಿತು.

ಆದ್ರೆ ಒಳಗೆ ಹತ್ತಿ ನೋಡಿದೆ. ಫ್ರಿಜ್ಜಿನ ಪಕ್ಕ, ಕಿಟಕಿಯಿಂದ ಕಾಣದ ಮೂಲೆಯಲ್ಲಿ, ಬಾಬಾಸಾಹೇಬರ ಒಂದು ಸಣ್ಣ ಫೋಟೋ. ಹುಡುಗನಿಗೆ ಮಾತ್ರ ಕಾಣೋ ಹಾಗೆ ಅಂಟಿಸಿದ್ದಾನೆ. ನಾನು ಕೇಳಲಿಲ್ಲ, ಅವನೇ ಹೇಳಿದ. "ಮೊದಲು ಮುಂದುಗಡೆನೇ ಹಾಕಿದ್ದೆ ಅಣ್ಣಾ. ಎರಡನೇ ವಾರ ಒಬ್ಬರು ಫೋಟೋ ನೋಡಿ, ಬೋರ್ಡ್ ನೋಡಿ, ನನ್ನ ಮುಖ ನೋಡಿ, 'ಬೇಡ ಬಿಡಿ' ಅಂತ ಹೊರಟ್ರು. ಒಬ್ಬರು ಹೋದ್ರೆ ಹೋಗ್ಲಿ ಅನ್ಕೊಂಡೆ. ಆಮೇಲೆ ಕಂತಿನ ಮೆಸೇಜ್ ಬಂತು."

ನಾನು ಅವನಿಗೆ "ಮುಂದಕ್ಕೆ ಹಾಕು" ಅಂತ ಹೇಳಲಿಲ್ಲ. ಧೈರ್ಯದ ಪಾಠ ಹೇಳೋದು ಸುಲಭ, ಕಂತು ಕಟ್ಟೋನು ಅವನು. ಆದ್ರೆ ಮನೆಗೆ ಬರೋವಾಗ ದಾರಿಯುದ್ದಕ್ಕೂ ಬೋರ್ಡುಗಳನ್ನ ಓದ್ಕೊಂಡು ಬಂದೆ. ಅಯ್ಯಂಗಾರ್ ಬೇಕರಿ. ಬ್ರಾಹ್ಮಣರ ಕಾಫಿ. ಗೌಡ್ರ ಮನೆ ಊಟ. ಲಿಂಗಾಯತ ಖಾನಾವಳಿ. ರೆಡ್ಡಿ ಮೆಸ್. ಇಡೀ ಸಿಟಿ ಜಾತಿಯ ಹೆಸರನ್ನ ದೊಡ್ಡಕ್ಷರದಲ್ಲಿ ಬರೆದು, ಅದರ ಮೇಲೆ ಲೈಟ್ ಹಾಕಿ ಕೂತಿದೆ. ಅದು ಯಾರಿಗೂ ಜಾತಿವಾದ ಅನ್ನಿಸಲ್ಲ, ಅದು 'ಬ್ರ್ಯಾಂಡು'. ಅಲ್ಲಿ ಜಾತಿ ಹೆಸರು ಶುಚಿಗೆ, ರುಚಿಗೆ ಗ್ಯಾರಂಟಿ ಕಾರ್ಡ್. ನಮ್ಮ ಹುಡುಗ ತನ್ನ ನಾಯಕನ ಫೋಟೋ ಹಾಕಿದ್ರೆ ಮಾತ್ರ ಅದು 'ಜಾತಿ ತರೋದು'.

ಹಾಗಾಗಿ 'ಸಿಟಿಯಲ್ಲಿ ಜಾತಿ ಇಲ್ಲ, ನೋಡಿ ಎಲ್ಲರೂ ಟ್ರಕ್ಕಲ್ಲಿ ತಿಂತಾರೆ' ಅನ್ನೋ ಮಾತನ್ನ ನಾನು ಒಪ್ಪಲ್ಲ. ಗೊತ್ತಿಲ್ಲದೆ ತಿನ್ನೋದು ಬೇರೆ, ಗೊತ್ತಿದ್ದೂ ತಿನ್ನೋದು ಬೇರೆ. ಮೊದಲನೆಯದು ವ್ಯಾಪಾರ. ಎರಡನೆಯದು ಬದಲಾವಣೆ.

ಇದನ್ನ ನೂರು ವರ್ಷಕ್ಕೂ ಹಿಂದೆಯೇ ಅರ್ಥ ಮಾಡ್ಕೊಂಡಿದ್ದವರು ಕೊಲ್ಹಾಪುರದ ಶಾಹು ಮಹಾರಾಜರು. ಅರಮನೆಯ ಲಾಯದಲ್ಲಿ ಕೆಲಸಕ್ಕಿದ್ದ ಗಂಗಾರಾಮ್ ಕಾಂಬಳೆಯವರನ್ನ ಸವರ್ಣರ ನೀರು ಮುಟ್ಟಿದರು ಅಂತ ಹೊಡೆದ್ರು. ಆಮೇಲೆ ಮಹಾರಾಜರ ಬೆಂಬಲದಿಂದ ಗಂಗಾರಾಮ್ ಅದೇ ಊರಲ್ಲಿ ಚಹಾ ಅಂಗಡಿ ತೆರೆದ್ರು. ಯಾರ ಅಂಗಡಿ ಅಂತ ಇಡೀ ಊರಿಗೆ ಗೊತ್ತು, ಯಾರೂ ಬರಲಿಲ್ಲ. ಆಗ ಮಹಾರಾಜರು ತಾವೇ ಅಲ್ಲಿ ಗಾಡಿ ನಿಲ್ಲಿಸಿ, ಎಲ್ಲರೆದುರು ಆ ಚಹಾ ಕುಡಿದ್ರು, ಜೊತೆಯಲ್ಲಿದ್ದವರಿಗೂ ಕುಡಿಸಿದ್ರು. ಅವರು ಗಂಗಾರಾಮರಿಗೆ 'ಹೆಸರು ಮುಚ್ಚಿಟ್ಟುಕೋ' ಅಂತ ಹೇಳಲಿಲ್ಲ. ಕುಡಿಯೋರ ಮನಸ್ಸು ಬದಲಾಗ್ಲಿ ಅಂತ ತಾವು ಹೋಗಿ ನಿಂತ್ರು.

ಮುದ್ದೆ ಊಟದ ಅಕ್ಕನ ಹತ್ರ ಈ ಮಾತು ಎತ್ತಿದೆ. ಅವರ ಓಮ್ನಿಯ ಹಿಂದಿನ ಗಾಜಿನ ತುಂಬ ಬಾಬಾಸಾಹೇಬರ ಸ್ಟಿಕ್ಕರ್, ಕೆಳಗೆ ನೀಲಿಯಲ್ಲಿ ಜೈಭೀಮ್. ಅಕ್ಕ ಮುದ್ದೆ ಕಟ್ತಾನೇ ಹೇಳಿದ್ರು: "ಸ್ಟಿಕ್ಕರ್ ನೋಡ್ಬುಟ್ಟು ಗಾಡಿ ಮುಂದಕ್ಕೆ ತಗಂಡೋಗೋರು ಅವ್ರೆ ಸಾರ್. ಸ್ಟಿಕ್ಕರ್ ನೋಡೇ ಗಾಡಿ ನಿಲ್ಸೋರೂ ಅವ್ರೆ. ನಾನು ನಿಲ್ಸೋರಿಗೆ ಮುದ್ದೆ ಕಟ್ತೀನಿ." ಅವರ ಗಿರಾಕಿಗಳಲ್ಲಿ ಪೌರಕಾರ್ಮಿಕರು, ಆಟೋ ಅಣ್ಣಂದಿರು, ಡೆಲಿವರಿ ಹುಡುಗರು ಜಾಸ್ತಿ. ಹುಡುಗನ ಗಿರಾಕಿಗಳು ಬೇರೆ, ಅಕ್ಕನ ಗಿರಾಕಿಗಳು ಬೇರೆ. ಅದಕ್ಕೇ ಅಕ್ಕನ ಧೈರ್ಯವನ್ನ ಹುಡುಗನ ತಲೆ ಮೇಲೆ ಹೊರಿಸೋಕೆ ನನಗಿಷ್ಟ ಇಲ್ಲ. ಅವನ ಕಿಟಕಿ ಮುಂದೆಯೂ ಗೊತ್ತಿದ್ದು ಗಾಡಿ ನಿಲ್ಲಿಸೋ ಜನ ಹೆಚ್ಚಾಗಬೇಕು. ಆ ಕೆಲಸ ಅವನದ್ದಲ್ಲ, ನಮ್ಮದು.

ಇನ್ನೊಂದು ವಿಷಯ, ಜಾಗದ್ದು. ಸರ್ಕಾರದ 'ಸ್ವಾವಲಂಬಿ ಸಾರಥಿ' ಯೋಜನೆಯಲ್ಲಿ ನಮ್ಮ ಯುವಕರಿಗೆ ವಾಹನ ಕೊಳ್ಳೋಕೆ ಗರಿಷ್ಠ 4 ಲಕ್ಷ ರೂಪಾಯಿವರೆಗೆ ಸಹಾಯಧನ ಇದೆ. ಒಳ್ಳೇದೇ, ಅರ್ಜಿ ಹಾಕಿ. ಆದ್ರೆ ಗಾಡಿ ಕೊಟ್ಟು ನಿಲ್ಲೋಕೆ ಜಾಗ ಕೊಡದೇ ಇದ್ರೆ ಅದು ಸಾಲದ ಜೊತೆ ಅಲೆದಾಟ ಕೊಟ್ಟ ಹಾಗೆ. ಊರ ಹೊರಗೆ ಇರಿ ಅಂತಿದ್ರು. ಈಗ ಎಲ್ಲೂ ನಿಲ್ಲಬೇಡಿ ಅಂತಾರೆ.

ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದ್ದು 2014ರಲ್ಲಿ. ನಮ್ಮ ಗಾಡಿಯವರಲ್ಲಿ ಎಷ್ಟೋ ಜನಕ್ಕೆ ಅದರಲ್ಲಿ ಏನಿದೆ ಅಂತಲೇ ಗೊತ್ತಿಲ್ಲ. ಅದಕ್ಕೆ ಇಲ್ಲಿ ಬರೀತಿದ್ದೀನಿ. ಒಂದೇ ಕಡೆ ಕೂತು ಮಾರೋರಷ್ಟೇ ಅಲ್ಲ, ಜಾಗದಿಂದ ಜಾಗಕ್ಕೆ ಹೋಗಿ ಮಾರೋರೂ ಈ ಕಾಯ್ದೆಯಲ್ಲಿ ಬೀದಿ ವ್ಯಾಪಾರಿಗಳೇ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಇದ್ದವರನ್ನ ಎಬ್ಬಿಸೋ ಹಾಗಿಲ್ಲ. ಸ್ಥಳಾಂತರ ಮಾಡಬೇಕಾದ್ರೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದ್ರೆ ಪಟ್ಟಿ ಬರೆದು ಕೊಡಬೇಕು. ಕೆಡೋ ಪದಾರ್ಥ ಅವತ್ತೇ, ಉಳಿದಿದ್ದು ಎರಡು ಕೆಲಸದ ದಿನಗಳೊಳಗೆ ವಾಪಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಆರಿಸಿ ಕಳಿಸಿದವರಿರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಪ್ರಮಾಣಪತ್ರ ಕೊಡೋವಾಗ ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದ್ಯತೆ ಅಂತಲೂ ಬರೆದಿದೆ.

ನಮ್ಮ ಹುಡುಗನಿಗೆ ಹೇಳೋದೇ ಬೇರೆ: "ನಿಂದು ತಳ್ಳುಗಾಡಿ ಅಲ್ಲ, ಮೋಟಾರು ಗಾಡಿ. ನಿಂಗೆ ಆ ಕಾಯ್ದೆ ಇಲ್ಲ, ಪಾರ್ಕಿಂಗ್ ಕೇಸು ಅಷ್ಟೇ." ಒಂದು ಸಲ ಸಿಲಿಂಡರ್ ಎತ್ಕೊಂಡು ಹೋದ್ರು. ಚೀಟಿ ಇಲ್ಲ, ಪಟ್ಟಿ ಇಲ್ಲ. ನಾನು ಕಾಯ್ದೆಯ ವ್ಯಾಖ್ಯಾನವನ್ನ ಎರಡೆರಡು ಸಲ ಓದಿದೆ. ಗಾಡಿಗೆ ಎಂಜಿನ್ ಇರಬಾರದು ಅಂತ ಅದರಲ್ಲಿ ಇಲ್ಲ. ಅದಕ್ಕೇ ನಾವು ಕೇಳಬೇಕಾಗಿರೋದು ಇಷ್ಟು: ಮೋಟಾರು ಗಾಡಿಯಲ್ಲಿ ಮಾರೋರನ್ನೂ ಸಮೀಕ್ಷೆಗೆ ಸೇರಿಸಿ, ಪ್ರಮಾಣಪತ್ರ ಕೊಡಿ, ಪ್ರತಿ ವಾರ್ಡಿನಲ್ಲೂ ಇವರಿಗೆ ಅಂತ ಜಾಗ, ಸಮಯ ಗುರುತು ಮಾಡಿ. ಸಹಾಯಧನ ಕೊಟ್ಟ ಗಾಡಿಗೆ ನಿಲ್ಲೋ ಜಾಗವನ್ನೂ ಸೇರಿಸಿಯೇ ಕೊಡಿ.

ಗೆಳೆಯರೇ, ಈ ಪೋಸ್ಟಿಗೆ ಲೈಕ್ ಒತ್ತಿ ಬಿಟ್ಟುಬಿಡಬೇಡಿ. ನಿಮ್ಮ ಏರಿಯಾದಲ್ಲಿ ನಮ್ಮವರ ಗಾಡಿ ಇದ್ರೆ ಹೋಗಿ ತಿನ್ನಿ, ದುಡ್ಡು ಕೊಟ್ಟು ತಿನ್ನಿ. 'ನಮ್ಮವನು' ಅಂತ ಫ್ರೀ ಪ್ಲೇಟು ಕೇಳಬೇಡಿ. ರುಚಿ ಕೆಟ್ಟಿದ್ರೆ ಪಕ್ಕಕ್ಕೆ ಕರೆದು ಹೇಳಿ. ಬೇರೆ ಜಾತಿಯ ಸಂಗಾತಿಗಳು ನೀವು ಗೊತ್ತಿದ್ದು ಹೋಗಿ, ನಿಮ್ಮ ಮನೆಯವರನ್ನೂ ಕರ್ಕೊಂಡು ಹೋಗಿ. ಅವರನ್ನ ಕೇಳದೆ ಅವರ ಹೆಸರು, ಜಾತಿ, ಫೋಟೋ ಹಾಕಬೇಡಿ. ಯಾವತ್ತು ಹೇಳಬೇಕು ಅನ್ನೋದು ಅವರ ತೀರ್ಮಾನ. ಗಾಡಿ ಎಬ್ಬಿಸೋಕೆ ಬಂದಾಗ ನೀವು ಅಲ್ಲೇ ಇದ್ರೆ ಪ್ಲೇಟ್ ಹಿಡ್ಕೊಂಡು ದೂರ ಸರೀಬೇಡಿ. ನೋಟಿಸ್ ಎಲ್ಲಿ, ಪಟ್ಟಿ ಎಲ್ಲಿ ಅಂತ ಮರ್ಯಾದೆಯಿಂದಲೇ ಕೇಳಿ. ಗಿರಾಕಿ ಕೇಳಿದ್ರೆ ಅದರ ತೂಕವೇ ಬೇರೆ.

ಗಾಡಿ ಇಟ್ಟಿರೋರು, ಇಡಬೇಕು ಅಂತಿರೋರು ಇನ್‌ಬಾಕ್ಸ್‌ಗೆ ಬನ್ನಿ. ಪ್ರಮಾಣಪತ್ರದ ಅರ್ಜಿ ಒಟ್ಟಿಗೆ ಕೂತು ತುಂಬೋಣ. ಹತ್ತು ಜನ ಸೇರಿದ್ರೆ ಪಾಲಿಕೆ ಕಚೇರಿಗೆ ಒಟ್ಟಿಗೇ ಹೋಗೋಣ.

ಜೈಭೀಮ್.